ಐದು ತುಂಬಿಲ್ಲ

ಏಳು ತುಂಬುವ ತನಕ
ನನಗೆ ಐದು ತುಂಬಲಿಲ್ಲ.
ಕಾಮಾಕ್ಷಿಪಾಳ್ಯದಿಂದ ಮಾರ್ಕೆಟ್ಟಿನವರೆಗೆ
ನಿನ್ನ ಸೊಂಟದೆತ್ತರ ದಾಟಬಾರದೆಂಬ ಕರಾರು.
ಕಂಡಕ್ಟರ್ ಇತ್ತ ತಿರುಗಿದ್ದೇ
ನಿನ್ನ ಕೈ ನನ್ನ ನೆತ್ತಿ ಒತ್ತುತ್ತಿತ್ತು,
ಲಂಗದೊಳಗೆ ಮಂಡಿ ಬಗ್ಗುತ್ತಿತ್ತು.
‘ಮಗೀಗಾ? ಇನ್ನೂ ಐದು ತುಂಬಿಲ್ಲ ಸ್ವಾಮಿ.’
ಇಳಿದ ಮೇಲೆ ಬೆನ್ನಿಗೊಂದು ಗುದ್ದು:
‘ನೆಟ್ಟಗೆ ನಡಿ, ಏನದು ಮುದುಕಿ ಥರ.’

ಕಂಕುಳಲ್ಲಿ ಸಾವಿರದ ಐದು ಕಟ್ಟು,
ಹಳೇ ಪಂಚೆಯಲ್ಲಿ ಸುತ್ತಿದ ಊದುಕಡ್ಡಿ.
ಪಿಳ್ಳಮ್ಮನ ಕಡ್ಡಿ ಎಂದರೆ
ಕಾಟನ್‌ಪೇಟೆ ಸಾಹುಕಾರ ಎಣಿಸದೆ ತೆಗೆದುಕೊಳ್ಳುತ್ತಿದ್ದ.
ದುಡ್ಡು ಮಾತ್ರ ಎರಡು ಸಲ ಎಣಿಸಿ ಕೊಡುತ್ತಿದ್ದ.

ಈಗಲೂ ಕೇಳುತ್ತಾರೆ ಜನ,
‘ಮನೆಯೆಲ್ಲ ಘಮಘಮ ಅಂತಿತ್ತೇನೋ?’
ಇಲ್ಲ. ನೀನು ಹೊಸೆದ ಕಡ್ಡಿಗೆ ವಾಸನೆಯೇ ಇರಲಿಲ್ಲ.
ಇದ್ದಿಲಪುಡಿ, ಜಿಗಟು, ಮರದ ಹೊಟ್ಟು, ನೀರು, ಅಷ್ಟೇ.
ಮಲ್ಲಿಗೆ, ಗಂಧ, ಕೇದಗೆ ಎಲ್ಲ ಆಮೇಲೆ,
ಗೋದಾಮಿನ ಬೀಗದೊಳಗೆ.
ನಮ್ಮ ಪಾಲಿಗೆ ಬಂದದ್ದು ಕರಿ.
ಕಾಪಿಬುಕ್ಕಿನ ಅಂಚಿಗೆ, ತಂಬಿಗೆಯ ಕುತ್ತಿಗೆಗೆ,
ಜಡೆ ಹೆಣೆವಾಗ ನನ್ನ ಕಿವಿಯ ಹಿಂದೆ,
ಒಮ್ಮೆ ಮೊಸರನ್ನದ ತುತ್ತಿನ ಮೇಲೂ ನಿನ್ನ ಹೆಬ್ಬೆಟ್ಟು.
ನಾನು ಮುಖ ತಿರುವಿದೆ.
ನೀನು ಆ ತುತ್ತನ್ನು ನಿನ್ನ ಬಾಯಿಗೇ ಹಾಕಿಕೊಂಡು
ಕೈ ತೊಳೆಯಲು ಎದ್ದೆ.
ಅದನ್ನು ಬರೆಯದೆ ಬಿಡಬಹುದಿತ್ತು.

ಉಳಿದ ಟಿಕೆಟ್ ದುಡ್ಡಿನಲ್ಲಿ ಒಂದು ಸಲ
ಅವೆನ್ಯೂ ರಸ್ತೆಯಲ್ಲಿ ನೀನು ಸೆಂಟ್ ರಬ್ಬರ್ ಕೊಡಿಸಿದೆ.
ಹಸಿರು ಬಣ್ಣದ್ದು.
ಅದರಿಂದ ಏನನ್ನೂ ಅಳಿಸಲಿಲ್ಲ ನಾವು.
ರಾತ್ರಿ ಬುಡ್ಡಿ ಆರಿಸಿದ ಮೇಲೆ
ಚಾಪೆಯ ಮೇಲೆ ನೀನೊಮ್ಮೆ ನಾನೊಮ್ಮೆ ಮೂಸಿದೆವು,
ತೇಯ್ದು ಹೋದೀತೆಂಬಂತೆ ಮೆಲ್ಲಗೆ.

ಆಮೇಲೆ ಆ ದಿನ.
ಬಸ್ಸು ಟೋಲ್‌ಗೇಟ್ ಬಳಿ ನಿಂತಿತ್ತು.
ಡ್ರೈವರ್ ಬೆನ್ನ ಹಿಂದೆ ಕೆಂಪಕ್ಷರದ ತಗಡು.
ಒತ್ತಕ್ಷರ ಕಲಿತ ಹೊಸ ನಾಲಗೆ ಸುಮ್ಮನಿದ್ದೀತೆ?
ಮಂಡಿ ಬಗ್ಗಿಸಿಕೊಂಡೇ,
ಬಸ್ಸಿಗೆ ಬಸ್ಸೇ ಕೇಳುವಂತೆ,
‘ಟಿಕೆಟ್ ಇಲ್ಲದ ಪ್ರಯಾಣ ಶಿ... ಶಿಕ್ಷಾರ್ಹ ಅಪರಾಧ!’
ಕಂಡಕ್ಟರ್ ನನ್ನನ್ನು ನೋಡಿದ, ನಿನ್ನನ್ನು ನೋಡಿದ.
‘ಐದು ತುಂಬದ ಕೂಸು ಅರ್ಕಾವತ್ತು ಓದ್ತದಲ್ಲಮ್ಮ!’

ನಾನು ಏಟಿಗೆ ಕಾದೆ.
ನೀನು ಸೆರಗಿನ ಗಂಟು ಬಿಚ್ಚಿ, ನಾಣ್ಯ ಎಣಿಸಿ,
ಅರ್ಧ ಟಿಕೆಟ್ ಕೊಂಡು, ನನ್ನ ಕೈಗಿಟ್ಟು,
‘ಇನ್ನೊಂದ್ಸಲ ಓದು’ ಎಂದೆ.
ಸಂಜೆ ವಠಾರದ ನಲ್ಲಿ ಮುಂದೆ
ಕೊಡದ ಸಾಲಿನಲ್ಲಿ ನಿಂತವರಿಗೆಲ್ಲ
‘ನಮ್ ಹುಡ್ಗಿ ಬಸ್ ಬೋರ್ಡ್ ಓದ್ಬಿಡ್ತು ಕಣಕ್ಕ.’
ಸಿಕ್ಕಿಬಿದ್ದ ಕತೆಯನ್ನು
ಬಹುಮಾನ ಬಂದ ಕತೆಯ ಹಾಗೆ ಹೇಳಿದೆ.

ಅಲ್ಲಿಂದಾಚೆ ಹೋಗುವಾಗ ನೆಟ್ಟಗೆ ನಿಂತೆ.
ಬರುವಾಗ ಇಬ್ಬರೂ ನಡೆದೆವು,
ಆ ಅರ್ಧ ಟಿಕೆಟ್ಟಿನ ಲೆಕ್ಕ ಸರಿದೂಗಬೇಕಲ್ಲ.
ಮಾಗಡಿ ರಸ್ತೆಯುದ್ದಕ್ಕೂ ಒಂದೊಂದೇ ಬೋರ್ಡು ತೋರಿಸಿ
‘ಇದೇನು? ಅದೇನು?’
ಸೈಕಲ್ ಷಾಪು, ಸೌದೆ ಡಿಪೋ,
ಹಲ್ಲಿನ ಡಾಕ್ಟರು, ‘ಇಲ್ಲಿ ಉಗುಳಬೇಡಿ’.
ತಪ್ಪಿದ್ದರೂ ನಿನಗೆ ತಿಳಿಯುತ್ತಿರಲಿಲ್ಲ.
ಅದಕ್ಕೇ ಇರಬೇಕು, ತಪ್ಪಲು ಮನಸ್ಸು ಬರಲಿಲ್ಲ.

ಐವತ್ತೆರಡು ತುಂಬಿತಮ್ಮ ನನಗೆ.
ಯಾರೂ ನೆತ್ತಿ ಒತ್ತದೆಯೂ ಮಂಡಿ ಬಗ್ಗುತ್ತದೆ.
ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಗೊತ್ತಾ?
ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್,
ವಯಸ್ಸಿನ ಸುಳ್ಳು ಬೇಕಿಲ್ಲ.
ನೀನಿನ್ನು ನಾಲ್ಕು ವರ್ಷ ತಡೆದಿದ್ದರೆ
ಕಂಕುಳಲ್ಲಿ ಏನೂ ಇಲ್ಲದೆ, ಕಿಟಕಿ ಪಕ್ಕ ಕೂತು,
ಸುಮ್ಮನೆ ಹೆಬ್ಬಾಳದ ತನಕ ಹೋಗಿ ಬರುತ್ತಿದ್ದೆವು.
ಹೆಬ್ಬಾಳದಲ್ಲಿ ನಮಗೇನೂ ಕೆಲಸವಿಲ್ಲ.

ಬಸ್ಸು ಟೋಲ್‌ಗೇಟ್ ಬಳಿ ನಿಂತಿದೆ.
ಮುಂದೆ ಸ್ಟಿಕ್ಕರಿನಲ್ಲಿ ಅದೇ ಮಾತು.
ಮನಸ್ಸಿನಲ್ಲೇ ಓದಿಕೊಂಡೆ ಅಂದುಕೊಂಡಿದ್ದೆ.
ಪಕ್ಕದ ಸೀಟಿನ ಹುಡುಗಿ
ಇಯರ್‌ಫೋನ್ ತೆಗೆದು ನನ್ನತ್ತ ತಿರುಗಿದಳು.