ಮಂಗಳವಾರದ ಅರ್ಧ ಟಿಕೆಟ್ಟು

ಮಂಗಳವಾರ ಡುಲೂತಿನಲ್ಲಿ ಟಿಕೆಟ್ಟು ಅರ್ಧ ರೇಟು.
ನಾನು ಸಿನಿಮಾ ಬಲ್ಲವನಲ್ಲ, ಬರೀ ನೋಡುವವನು,
ಅದೂ ಬೂಟು ಬಿಚ್ಚಿ,
ಮುಂದಿನ ಸಾಲು ಖಾಲಿಯಿದ್ದರೆ ಕಾಲು ಚಾಚಿ.
ಪಕ್ಕದಲ್ಲಿ ಆರ್ಡಿಸ್. ಹದಿನಾಲ್ಕು ವರ್ಷ ನನ್ನ ಹೆಂಡತಿ,
ಒಂಬತ್ತು ವರ್ಷದಿಂದ ಅಲ್ಲ.
ವಕೀಲ ಎಲ್ಲ ಪಾಲು ಮಾಡಿದ, ದೋಣಿ ನನಗೆ, ನಾಯಿ ಅವಳಿಗೆ.
ಮಂಗಳವಾರವೊಂದನ್ನು ಮರೆತ.

ಹೋದ ತಿಂಗಳದ್ದು ಹೇಳುತ್ತೇನೆ.
ಮೂರು ಗಂಟೆ. ಮತ್ತೆ ಒಂದು ಊರು ಪುಡಿಯಾಯಿತು.
ಹಾರುವವನೊಬ್ಬ ಹಾರುವ ಇನ್ನೊಬ್ಬನನ್ನು
ಎತ್ತೆತ್ತಿ ಕಟ್ಟಡಗಳಿಗೆ ಎಸೆದ.
ಮೊದಲ ಕಟ್ಟಡಕ್ಕೇ ನನಗೆ ನಿದ್ದೆ,
ಏಳನೆಯದಕ್ಕೆ ಎಚ್ಚರ. ಕಥೆ ಬಿಟ್ಟಲ್ಲೇ ಇತ್ತು.
‘ಆ ಇಟ್ಟಿಗೆಯೆಲ್ಲ ಯಾರು ಎತ್ತುತ್ತಾರೆ?’ ಅಂದೆ.
‘ಅದು ನಗರಸಭೆಯ ಪ್ರಶ್ನೆ, ಬಾಯಿ ಮುಚ್ಚು’ ಅಂದಳು.

ಅದರ ಹಿಂದಿನದು ಪ್ರಶಸ್ತಿ ಬಂದದ್ದು.
ಒಬ್ಬ ಹೆಂಗಸು ಕಿಟಕಿ ನೋಡುತ್ತಾಳೆ.
ಆಮೇಲೆ ಕಿಟಕಿ ಅವಳನ್ನು ನೋಡುತ್ತದೆ.
ಮೇಜಿನ ಮೇಲೆ ಸೂಪು ಆರುತ್ತದೆ.
ಎಲ್ಲ ಎಷ್ಟು ಕತ್ತಲೆಂದರೆ
ಹೋಗಿ ಒಂದು ಬಲ್ಬು ಹಾಕಿ ಬರೋಣ ಅನ್ನಿಸಿತು.
ಆದರೂ ಸುಳ್ಳು ಹೇಳಬಾರದು, ಆ ಸೂಪು ಇನ್ನೂ ನೆನಪಿದೆ.
ಏಳು ಕಟ್ಟಡಗಳಲ್ಲಿ ಒಂದೂ ಇಲ್ಲ.

ನನಗೆ ಬೇಕಾದದ್ದು ಹಳೇ ನಮೂನೆಯ ಪ್ರೇಮದ ನಗೆಚಿತ್ರ.
ಅಂಗಿಯ ಮೇಲೆ ಕಾಫಿ ಚೆಲ್ಲಬೇಕು.
ಅವಳಿಗೊಂದು ಕೇಕಿನಂಗಡಿ ಇರಬೇಕು,
ಬಾಡಿಗೆ ಹೇಗೆ ಕಟ್ಟುತ್ತಾಳೆಂದು ಯಾರೂ ಕೇಳಬಾರದು.
ಗೆಳತಿಗೆ ಫೋನೆತ್ತುವುದು ಬಿಟ್ಟು ಬೇರೆ ಕೆಲಸವಿರಬಾರದು.
ಮೊದಲರ್ಧ ಹಾವು ಮುಂಗುಸಿ,
ನಡುವೆ ಒಂದು ಸಣ್ಣ ಸುಳ್ಳು,
ಕೊನೆಗೆ ಓಟ.
ಓಟವಿಲ್ಲದ ಪ್ರೇಮಚಿತ್ರ ಉಪ್ಪಿಲ್ಲದ ಸಾರು.

ಓಟವೋ, ಯಾವಾಗಲೂ ವಿಮಾನ ನಿಲ್ದಾಣಕ್ಕೆ.
ಇಲ್ಲೇ ನನಗೆ ಕಷ್ಟ.
ಇಪ್ಪತ್ತೆರಡು ಚಳಿಗಾಲ ರನ್‌ವೇ ಗುಡಿಸಿದವನು ನಾನು.
ತೆರೆಯ ಮೇಲೆ ಹಿಮ ಬೀಳುವುದು ಅವಳ ರೆಪ್ಪೆಗೆ ಮಾತ್ರ,
ಅದೂ ಬೇಕಾದಷ್ಟೇ.
ವಿಮಾನ ತಡ, ಅವನು ತಲುಪಿದ,
ಕ್ಷಮೆ, ಮುತ್ತು,
ಸೂಟ್‌ಕೇಸು ಕೆಳಗಿಟ್ಟು ಜನರ ಚಪ್ಪಾಳೆ.
ನನ್ನ ಪಾಳಿಯಲ್ಲಿ ಹಾಗಾಗಲು ಬಿಡಲಿಲ್ಲ.
ನಲವತ್ತು ನಿಮಿಷದಲ್ಲಿ ಕಪ್ಪು ಡಾಂಬರು ಕಾಣಿಸಿದ್ದೇನೆ,
ಹೊತ್ತಿಗೆ ಸರಿಯಾಗಿ ಎಲ್ಲ ಹಾರಿವೆ.
ಓಡಿ ಬಂದವರೆಷ್ಟು ಮಂದಿ
ಗಾಜಿಗೆ ಮೂಗೊತ್ತಿ ನಿಂತರೋ,
ಎಷ್ಟು ಮದುವೆ ನನ್ನ ಲಾರಿಯಿಂದ ಮುರಿದವೋ!
ಮೇಲಿನವನು ಕಾಂಗಸ್ ಬೆನ್ನು ತಟ್ಟಿದ, ಕೈಗಡಿಯಾರ ಕೊಟ್ಟ.

ಇದನ್ನು ಕೇಳಿದರೆ ಆರ್ಡಿಸ್ ನಗುತ್ತಾಳೆ,
ಪಾಪ್‌ಕಾರ್ನು ಗಂಟಲಿಗೆ ಸಿಕ್ಕುವಷ್ಟು.
ಅವಳ ಲೆಕ್ಕದಲ್ಲಿ ಓಟವೆಲ್ಲ ಗಂಡಸರ ಸೋಮಾರಿತನ.
ಒಂದೂವರೆ ಗಂಟೆ ಬಾಯಿಗೆ ಬೀಗ,
ಕೊನೆಯ ಐದು ನಿಮಿಷ ಮ್ಯಾರಥಾನು.
‘ಅಡುಗೆಮನೆಯಿಂದ ಸೋಫಾದ ತನಕ ಬಂದು ಹೇಳಿದರೆ
ಕಾಲು ಸವೆಯುತ್ತದೆಯೇ? ಹನ್ನೊಂದು ಹೆಜ್ಜೆ.’
ಹನ್ನೊಂದೆಂದು ಹೇಗೆ ಗೊತ್ತು, ನಾನು ಕೇಳಲಿಲ್ಲ.
ಪೈಕ್ ಲೇಕಿನ ಆ ಮನೆಯಲ್ಲಿ ನಾನೂ ಒಮ್ಮೆ ಎಣಿಸಿದ್ದೆ.
ನನ್ನ ಕಾಲಿಗೆ ಒಂಬತ್ತು.

ಈ ವಾರದ್ದು ಹೊಚ್ಚ ಹೊಸದು.
ಇಬ್ಬರ ಫೋನುಗಳಿಗೆ ಪ್ರೇಮವಾಗುತ್ತದೆ.
ಕಾಫಿಗೆ ಮುಚ್ಚಳವಿದೆ, ಚೆಲ್ಲುವುದಿಲ್ಲ.
ಕೊನೆಯಲ್ಲಿ ಅವನು ಓಡುವುದಿಲ್ಲ,
ಕೂತಲ್ಲಿಂದಲೇ ಒಂದು ನೀಲಿ ಹೃದಯ ಕಳಿಸುತ್ತಾನೆ.
ಕೆಟ್ಟದ್ದು ಅಂದೆ. ಕೆಟ್ಟದ್ದೇ ಅಂದಳು.
ಒಂಬತ್ತು ವರ್ಷದಲ್ಲಿ ನಾವು ಒಪ್ಪಿದ ಮೊದಲ ಮಾತು.

ಹೊರಗೆ ಬಂದರೆ ಅವಳ ಕಾರು ಬಿಳಿ ಗುಡ್ಡೆ.
ಅವಳು ಒಳಗೆ ಕೂತು ಹೀಟರು ಹಾಕಿದಳು,
ನಾನು ಕೆರೆಯತೊಡಗಿದೆ. ಹಿಂದಿನ ಗಾಜು, ಪಕ್ಕದ್ದು,
ಕನ್ನಡಿ, ದೀಪ, ಮತ್ತೆ ಹಿಂದಿನ ಗಾಜು.
ಇಪ್ಪತ್ತೆರಡು ಚಳಿಗಾಲದಲ್ಲಿ
ಇಷ್ಟು ನಿಧಾನ ಕೆಲಸ ಮಾಡಿದ್ದಿಲ್ಲ.
ಕಾಂಗಸ್ ನೋಡಿದ್ದರೆ ಗಡಿಯಾರ ಕಿತ್ತುಕೊಳ್ಳುತ್ತಿದ್ದ.

ಗಾಜಿಳಿಸಿ ಕೇಳಿದಳು: ‘ಮುಂದಿನ ವಾರ ಏನಿದೆ?’
‘ಊರು ಪುಡಿಯಾಗುವುದು, ಎರಡನೇ ಭಾಗ.’
‘ಎಬ್ಬಿಸಲೇ?’
‘ಏಳನೇ ಕಟ್ಟಡಕ್ಕೆ.’