ತೂತಿನ ಲೆಕ್ಕ

ಕೂತುಕೋ ಹಸಿಂತಾ, ಏಪ್ರನ್ನು ಬಿಚ್ಚಿಡು.
ಒಂಬತ್ತು ವರ್ಷ ನನ್ನ ಗಲ್ಲಾಪೆಟ್ಟಿಗೆ ಕಾದವಳು,
ಇವತ್ತು ಗಿರಾಕಿಯ ಕುರ್ಚಿ ನಿನ್ನದು.
ಕಾಫಿ ನಾನೇ ಬಗ್ಗಿಸುತ್ತೇನೆ.

ಮೊದಲ ಮಾತು ಹಿಟ್ಟಿನದಲ್ಲ, ರಸ್ತೆಯದು.
ಜನ ಕೆಲಸಕ್ಕೆ ಹೋಗುವ ಮಗ್ಗುಲಲ್ಲಿ ಅಂಗಡಿ ಹಿಡಿ.
ಮನೆಗೆ ಮರಳುವವನಿಗೆ ಡೋನಟ್ ಬೇಡ,
ಅವನಿಗೆ ಊಟ ಬೇಕು, ಬೂಟು ಬಿಚ್ಚಬೇಕು.
ಬೆಳಗಿನ ಆರಕ್ಕೆ ಎಡಕ್ಕೆ ತಿರುಗಲು
ಯಾವ ಲಾರಿಯವನೂ ಕಾಯುವುದಿಲ್ಲ,
ನಿನ್ನ ಸಕ್ಕರೆಪಾಕ ಚಿನ್ನದ್ದೇ ಇರಲಿ.

ಬಾಡಿಗೆ ಕರಾರು ಪೂರ್ತಿ ಓದು.
ಅರ್ಥವಾಗದಿದ್ದರೆ ಬಲ್ಲವರಿಗೆ ಒಂದು ಡಜನ್ ಕೊಟ್ಟು ಓದಿಸು.
ಸೂರು ಸೋರಿದರೆ ಯಾರ ಖರ್ಚು, ಎಸಿ ಕೆಟ್ಟರೆ ಯಾರದು:
ಫ್ರೆಸ್ನೋದ ಒಂದು ಜುಲೈಯಲ್ಲಿ, ಓದದೆ ಬಿಟ್ಟ ಒಂದು ಸಾಲಿಗೆ
ನನ್ನ ಎರಡು ಬಳೆ ಹೋದವು.

ಹಿಟ್ಟು ಗಡಿಯಾರ ನೋಡುವುದಿಲ್ಲ.
ಡಿಸೆಂಬರಿನಲ್ಲಿ ಕಣಿವೆಯ ಮಂಜು ಬಾಗಿಲ ತನಕ ಬಂದು ನಿಂತಾಗ
ನೀರು ಕೊಂಚ ಬೆಚ್ಚಗಿರಲಿ,
ಮಗುವಿಗೆ ಎರೆಯುವ ನೀರಿನಷ್ಟು, ಹೆಚ್ಚಲ್ಲ.
ಬೆರಳೊತ್ತು. ಕುಳಿ ನಿಧಾನಕ್ಕೆ ತುಂಬಿಕೊಂಡರೆ ಸರಿ.
ತಟ್ಟನೆ ಎದ್ದರೆ ಇನ್ನೂ ಎಳಸು. ಏಳದೇ ಹೋದರೆ
ನೀನು ತೂಕಡಿಸಿದ್ದೀಯ ಅಂತ ಅರ್ಥ.
ತೂಕಡಿಸುತ್ತೀಯ. ಎಲ್ಲರೂ ತೂಕಡಿಸುತ್ತಾರೆ.
ನಮ್ಮ ಸಾರುನ್ ಬಾಣಲೆಗೆ ಮುಖ ಮಾಡಿ ನಿಂತೇ
ಗೊರಕೆ ಹೊಡೆಯುತ್ತಿದ್ದ,
ಬದುಕಿದ್ದಾಗ.

ಎಣ್ಣೆಯನ್ನು ಮೂಗಿನಿಂದ ಕೇಳು, ಕಪ್ಪಾಗುವ ತನಕ ಕಾಯಬೇಡ.
ಅದರ ವಾಸನೆ ಕೂದಲಲ್ಲಿ ಮನೆ ಮಾಡುತ್ತದೆ.
ನನ್ನ ಮಗಳು ಶಾಲೆಯಲ್ಲಿ ಹೇಳಿದ್ದಳಂತೆ:
ಅಮ್ಮ ಅತ್ತರು ಹಚ್ಚುತ್ತಾಳೆ, ಹೆಸರು ವೆನಿಲ್ಲಾ.

ಡೋನಟ್ ಕೂಗಿ ಕರೆಯುತ್ತದೆ, ಬಾಡಿಗೆ ಕಟ್ಟುವುದು ಕಾಫಿ.
ಗುಟ್ಟೇನಿಲ್ಲ. ಉಜ್ಜಿ ತೊಳೆದ ಪಾತ್ರೆ, ಒಳ್ಳೆ ನೀರು,
ಅರ್ಧ ಗಂಟೆ ಕಳೆದದ್ದನ್ನು ಮೋರಿಗೆ ಸುರಿಯುವ ಎದೆ.

ತೂತಿಗೆಂದು ಕತ್ತರಿಸಿದ ಉಂಡೆಗಳನ್ನೂ ಕರಿ. ಮಾರಬೇಡ.
ಅಮ್ಮನ ಸೊಂಟದೆತ್ತರ ಬರದ ಗಿರಾಕಿಯ ಕೈಗೆ ಹಾಕು.
ಇಪ್ಪತ್ತು ವರ್ಷಕ್ಕೆ ಅವನೇ ಬಂದು
ಆಫೀಸಿಗೆ ಆರು ಡಜನ್ ಒಯ್ಯುತ್ತಾನೆ.
ಮತ್ತೆ, ಡಜನ್ನಿಗೆ ಹದಿಮೂರು.
‘ನಷ್ಟ ಅಲ್ಲವಾ ಮಿಂಗ್?’ ಅಂದಿದ್ದೆ ನೀನೊಮ್ಮೆ;
ಚಿಕ್ಕಮ್ಮ ಅನ್ನಲು ನಮ್ಮ ಮಾತು ನಾನೇ ಕಲಿಸಿದ್ದೆ.
ಆಗ ಸುಮ್ಮನೆ ಟ್ರೇ ಒರೆಸಿದೆ.
ಬಟ್ಟಂಬಾಂಗಿನಲ್ಲಿ ಗಂಜಿಯೊಳಗಿನ ಅಗುಳು ಎಣಿಸಿ ಕುಡಿದಾಗ
ನನಗೆ ಎಂಟು ವರ್ಷ.
ಈಗ ಎಣಿಸುವ ಕೈ ನನ್ನದು,
ತಪ್ಪಿದರೆ ಹೆಚ್ಚಿನ ಕಡೆಗೇ ತಪ್ಪಲಿ.

ಇನ್ನೇನು? ಡಬ್ಬ ಗುಲಾಬಿಯದೇ ತರಿಸು.
ಬಿಳಿಯದಕ್ಕಿಂತ ಅಗ್ಗ ಅಂತ ತಂದೆವು,
ಜನ ಅದನ್ನೇ ಸಡಗರ ಅಂದುಕೊಂಡರು.
ಮಂಡಿಗೆ ಪಟ್ಟಿ ಕಟ್ಟು. ಮಂಗಳವಾರ ಮುಚ್ಚು.
ನಾನು ಮುಚ್ಚಲಿಲ್ಲ.

ನಿನ್ನೆ ಹೇಳದೆ ಹೋಗಿ ನಿನ್ನ ಜಾಗ ನೋಡಿ ಬಂದೆ.
ಎರಡು ಸಿಗ್ನಲ್ ಆಚೆ, ಟೈರ್ ಅಂಗಡಿ ಪಕ್ಕ,
ಬೆಳಗಿನ ಮಗ್ಗುಲು.
ನನ್ನದು ಸಂಜೆಯದು, ಇಪ್ಪತ್ತೆಂಟು ವರ್ಷದಿಂದ.
ಮೂರನೇ ವಾರಕ್ಕೇ ತಿಳಿದಿತ್ತು,
ಕರಾರು ಹತ್ತು ವರ್ಷದ್ದಾಗಿತ್ತು.

ತಗೋ, ಈ ಕಟರು. ಹಿಡಿ ಸವೆದಿದೆ, ಅಂಚು ಇನ್ನೂ ಹರಿತ.
ಲಾರಿಯವರು ನಿನ್ನ ಕಡೆ ಬರುತ್ತಾರೆ, ಬರಲಿ.
ಶಾಲೆ ಬಸ್ಸಿನ ಡ್ರೈವರಮ್ಮನೂ ಬರುತ್ತಾಳೆ.
ಆರ್ಲಿಸ್‌ನನ್ನು ಮಾತ್ರ ಕರೆಯಬೇಡ,
ಒಂದೇ ಲೋಟ ಹಿಡಿದು ಒಂಬತ್ತರ ತನಕ ಕೂರುವ ಆ ಮುದುಕ.
ಅವನಿಗೆ ಎಡಗಣ್ಣು ಕಾಣದು, ರಸ್ತೆ ದಾಟಲಾರ.
ನಿದ್ದೆಯೂ ಬಾರದು.
ರಾತ್ರಿ ಎರಡಕ್ಕೆ ನಾನು ಬೀಗ ತಡಕುವಾಗ
ಟಾರ್ಚು ಹಿಡಿದು ನಿಂತಿರುತ್ತಾನೆ.