ನೆರೆ

ದಾಳಿಂಬೆ ಎಲೆಯ ಕಪ್ಪು ಚುಕ್ಕೆಗಳಿಂದ ಬಂದವು
ಹನ್ನೊಂದು ಬ್ಯಾಕ್ಟೀರಿಯಾ. ಒಂದೊಂದರ ಒಳಗೂ
ಬಳೆಯಂಥ ಒಂದು ಓಣಿ, ನಾಲ್ಕು ಸಾವಿರ ಮನೆ.
ಯಾರ ಪಕ್ಕ ಯಾರು
ಎಂದು ಹುಡುಕುವ ಪ್ರೋಗ್ರಾಂ ಬರೆಯುತ್ತೇನೆ,
ನವನಗರದ ಈ ಕೋಣೆಯಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ.

ಜೀನುಗಳು ಕೂತಲ್ಲಿ ಕೂರುವುದಿಲ್ಲ.
ತುಂಡಾಗುತ್ತವೆ, ತಿರುವುಮುರುವಾಗುತ್ತವೆ,
ಎಲ್ಲಿಂದಲೋ ಬಂದ ವೈರಸ್ಸು ನಡುವೆ ನುಗ್ಗಿ
ಬಾಡಿಗೆ ಕೊಡದೆ ಉಳಿದುಬಿಡುತ್ತದೆ.
ಕೋಟಿ ವರ್ಷ ಕಲಸಿದ ಮೇಲೂ ನಾಲ್ಕು ಮಾತ್ರ
ಹನ್ನೊಂದರಲ್ಲೂ ಒಂದರ ಮಗ್ಗುಲಿಗೆ ಒಂದು.

ಹಳೇ ಬಾಗಲಕೋಟೆ ನನಗೆ ನೆನಪಿದೆ, ಅಂದರೆ
ಅಪ್ಪ ಹೇಳಿದಷ್ಟು. ಹಿನ್ನೀರಿಗೆ ಮೊದಲು ಆ ಸಾಲಿನಲ್ಲಿ
ತಗಡು ತೂಗುವ ಪಾರಿಸಪ್ಪ, ಕೊಡ ಬಡಿಯುವ ಮೋನಪ್ಪ,
ಅವನಾಚೆ ತಂಗೆವ್ವ, ಆಮೇಲೆ ಕಲಾಯಿ ರಾಜೇಸಾಬ.
ಮುಳುಗಡೆ ಆಫೀಸಿನವರು ಚೀಟಿ ಎತ್ತಿದರು:
ಒಬ್ಬನಿಗೆ ನಾಲ್ಕನೇ ಸೆಕ್ಟರು, ಒಬ್ಬನಿಗೆ ನಲವತ್ತೈದು.

ಸರಕಾರ ಒಮ್ಮೆ ಕಲಸಿತು.
ನಾನು ಹತ್ತು ಸಾವಿರ ಸಲ ಕಲಸುತ್ತೇನೆ, ರಾತ್ರಿಯಿಡೀ,
ಬರೀ ಚೀಟಿಯ ಅದೃಷ್ಟಕ್ಕೆ
ಈ ನಾಲ್ಕು ಹೀಗೆ ಜೊತೆ ಬೀಳುತ್ತವೆಯೇ ಎಂದು.
ಬೆಳಗಿನ ತನಕ ಒಮ್ಮೆಯೂ ಬೀಳಲಿಲ್ಲ.

ಚಹಾಕ್ಕೆಂದು ಇಪ್ಪತ್ಮೂರನೇ ಸೆಕ್ಟರಿಗೆ ನಡೆದೆ.
ಮೊದಲು ದಾದಾಪೀರ, ರಾಜೇಸಾಬನ ಮಗ,
ಕಲಾಯಿ ಹೋಗಿ ಗ್ಯಾಸ್ ಒಲೆ ರಿಪೇರಿ.
ನಡುವೆ ಹೊಸದೊಂದು ಮೊಬೈಲ್ ರೀಚಾರ್ಜು. ಆಮೇಲೆ
ಬೋರ್ಡಿಲ್ಲದ ಒಂದು ಕಟ್ಟೆ, ಅಲ್ಲಿ ತಂಗೆವ್ವನ ಸೊಸೆ.
ಆಮೇಲೆ ಮೋನಪ್ಪ. ಪಾರಿಸಪ್ಪನ ತಕ್ಕಡಿ.
ಅದೇ ಸಾಲು, ಹಿಂದುಮುಂದಾಗಿ.
ಸೈಟು ಮಾರಿ, ಅದಲುಬದಲು ಮಾಡಿ, ಬಾಡಿಗೆ ಹಿಡಿದು
ಯಾವ ಆದೇಶವೂ ಇಲ್ಲದೆ ಬಂದು ಕೂತಿದ್ದಾರೆ.

ನಡುವೆ ಎಷ್ಟು ಜನ ಪರಕೀಯರು ಬಂದರೂ ನೆರೆ ಎನ್ನಬಹುದು?
ಪ್ರೋಗ್ರಾಮಿನಲ್ಲಿ ಮೂರು ಎಂದು ಬರೆದಿದ್ದೇನೆ.
ಯಾಕೆ ಮೂರು ಎಂದರೆ ಉತ್ತರವಿಲ್ಲ.

ನನ್ನ ಪಟ್ಟಿಯ ಮೂರನೆಯ ಜೀನಿನ ಮುಂದೆ
ಹನ್ನೊಂದರಲ್ಲೂ ಒಂದೇ ಮಾತು: ಕೆಲಸ ಗೊತ್ತಿಲ್ಲ.
‘ತಂಗೆವ್ವ ಏನ್ ಮಾಡ್ತಿದ್ಲು ಕಾಕಾ?’
ಮೋನಪ್ಪ ಸುತ್ತಿಗೆ ನಿಲ್ಲಿಸಲಿಲ್ಲ.
‘ಆಕಿ? ಏನೂ ಮಾಡ್ತಿರಲಿಲ್ಲ ಬಿಡವಾ.
ರಾತ್ರಿ ಬೂದ್ಯಾಗ ಕೆಂಡ ಮುಚ್ಚಿಡ್ತಿದ್ಲು.
ಮುಂಜಾನೆ ನಾನು, ರಾಜೇಸಾಬ, ಇಬ್ರೂ ಒಯ್ತಿದ್ವಿ.’
‘ಈಗ?’
‘ಈಗ ಲೈಟರ್ ಐತಿ. ಆದ್ರೂ ಆ ಕಟ್ಟಿ ಖಾಲಿ ಬಿಡಾಕ
ಯಾರಿಗೂ ಮನಸಾಗಿಲ್ಲ ನೋಡು.’
ಸೊಸೆ ಶೇಂಗಾ ಸುಲಿಯುತ್ತಿದ್ದಳು, ತಲೆಯೆತ್ತಲಿಲ್ಲ.

ತಿರುಗಿ ಬಂದೆ. ಆ ಖಾನೆಯ ‘ಗೊತ್ತಿಲ್ಲ’ವನ್ನು
ಅಳಿಸುವ ಹಕ್ಕು ನನಗಿಲ್ಲ.
ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಬರೆದೆ:
ಕೆಂಡ?